ದಟ್ಟ ಗಾಳಿಯ ಭಕ್ತರು

ಗೋಲ್ಡನ್ ಗೇಟ್ ಪಾರ್ಕಿನಲ್ಲಿ 2025ರ ಆಗಸ್ಟ್ ತಿಂಗಳ ಮೊದಲ ಮೂರು ದಿನ ನಡೆದ, ಗ್ರೇಟ್‌ಫುಲ್ ಡೆಡ್ ಎಂಬ ಅಮೆರಿಕದ ರಾಕ್ ವಾದ್ಯತಂಡದ ಅರವತ್ತನೆಯ ವರ್ಷದ ಉತ್ಸವ ಮುಗಿದು, ಜನರೆಲ್ಲ ಮನೆ ಸೇರಿ, ಸ್ಯಾನ್ ಫ್ರಾನ್ಸಿಸ್ಕೊ ನಗರ ತನ್ನ ಮಂಜಿಗೆ ಮರಳಿದ್ದರೂ ಫ್ರೀಮಾಂಟಿನ ನಮ್ಮ ಬೀದಿಯಲ್ಲಿ ಮಾತ್ರ ಅದಿನ್ನೂ ಮುಗಿದಿಲ್ಲ. ಆ ತಂಡದ ಪರಮ ಭಕ್ತರಾದ ನಮ್ಮ ನೆರೆಯವರು ಪ್ರತಿ ಶನಿವಾರ ಸಂಜೆ ಗ್ಯಾರೇಜಿನ ಬಾಗಿಲು ತೆರೆದು, ಮಡಿಸುವ ಕುರ್ಚಿಯೊಂದನ್ನು ಹಾಕಿಕೊಂಡು, ಆ ತಂಡ 1968ರ ಜುಲೈನಲ್ಲಿ ಹೊರತಂದ ‘ಆ್ಯಂಥಮ್ ಆಫ್ ದ ಸನ್’ ಎಂಬ ಆಲ್ಬಮ್ಮನ್ನು ಮೊದಲಿನಿಂದ ಕೊನೆಯವರೆಗೆ ಹಾಕುತ್ತಾರೆ. ಅದು ಮುಗಿದ ಮೇಲೆ ಅದೇ ಆಲ್ಬಮ್ಮನ್ನು ಇನ್ನೊಮ್ಮೆ ಹಾಕುತ್ತಾರೆ. ಎರಡನೆಯದು ಅದೇ ಅಲ್ಲ, 1972ರ ಮಿಕ್ಸ್, ಅಂದರೆ ಅದೇ ಮುದ್ರಣದ ದನಿಗಳನ್ನು ಬೇರೆ ಹದದಲ್ಲಿ ಬೆರೆಸಿದ್ದು ಎಂಬುದು ಅವರ ವಿವರಣೆ. ವ್ಯತ್ಯಾಸ ತಿಳಿಯಿತೇ ಎಂದು ಅವರು ಬೇಲಿಯಾಚೆಯಿಂದ ಕೇಳಿದಾಗ ತಿಳಿಯಲಿಲ್ಲವೆಂದು ಹೇಳುವ ಧೈರ್ಯ ನನಗೆ ಹನ್ನೊಂದು ವರ್ಷಗಳ ನೆರೆಹೊರೆಯಲ್ಲಿ ಇನ್ನೂ ಬಂದಿಲ್ಲ. ನನ್ನ ಹೆಂಡತಿಗೆ ಆ ಸಂಕೋಚವಿಲ್ಲ. “ಯಾವ ಮಿಕ್ಸೋ ಏನೋ ರೀ, ನಮ್ಮ ಮಿಕ್ಸಿ ಜಾರಿನ ಬುಶ್ ಸವೆದಾಗ ಥೇಟ್ ಇದೇ ಸದ್ದು ಬರ್ತಿತ್ತು” ಎಂದು ಅಡುಗೆಮನೆಯಿಂದಲೇ ತೀರ್ಪು ಕೊಟ್ಟು ಮುಗಿಸುತ್ತಾಳೆ.

ಈ ಭಕ್ತಿಯ ವೈಚಿತ್ರ್ಯ ಅರಿಯಬೇಕಾದರೆ, ಡೆಡ್‌ಹೆಡ್‌ಗಳೆಂದು ತಮ್ಮನ್ನು ಕರೆದುಕೊಳ್ಳುವ ಈ ಸಂಪ್ರದಾಯದವರು ಸ್ಟುಡಿಯೋದಲ್ಲಿ ತಯಾರಾದ ಆಲ್ಬಮ್ಮುಗಳನ್ನು ಸಾಮಾನ್ಯವಾಗಿ ಯಾವ ಲೆಕ್ಕಕ್ಕೂ ಹಿಡಿಯುವುದಿಲ್ಲವೆಂಬುದು ನೆನಪಿರಬೇಕು. ಊರಿನ ರಥೋತ್ಸವದಲ್ಲಿ ಉತ್ಸವಮೂರ್ತಿಯ ಹಿಂದೆ ಜನವೆಲ್ಲ ಓಡುವಾಗ ಮೂಲವಿಗ್ರಹ ಗರ್ಭಗುಡಿಯಲ್ಲಿ ಒಂಟಿಯಾಗಿ ದೀಪ ನೋಡುತ್ತ ಕುಳಿತಿರುವಂತೆ, ಮೂಲ ತಂಡವಿದ್ದ ಮೂವತ್ತು ವರ್ಷಗಳಲ್ಲಿ ನಡೆದ 2,300ಕ್ಕೂ ಹೆಚ್ಚು ಕಚೇರಿಗಳ ಹಿಂದೆ ಇವರೆಲ್ಲ ಓಡಿದರು. ಕಚೇರಿಯನ್ನು ಧ್ವನಿಮುದ್ರಿಸಿಕೊಳ್ಳಲು ಉದ್ದನೆಯ ಕೋಲುಗಳಿಗೆ ಮೈಕು ಕಟ್ಟಿಕೊಂಡು ಬರುವವರ ಸಂಖ್ಯೆ ಎಷ್ಟಾಯಿತೆಂದರೆ, 1984ರಲ್ಲಿ ತಂಡವೇ ಅವರಿಗೆಂದು ಪ್ರತ್ಯೇಕ ಜಾಗ ಗುರುತು ಮಾಡಿ ಕೂರಿಸಬೇಕಾಯಿತು. ಇಂಥ ಪರಂಪರೆಯಲ್ಲಿ ಸ್ಟುಡಿಯೋ ಆಲ್ಬಮ್ ಎಂದರೆ ಮದುವೆಯ ಊಟ ಬಿಟ್ಟು ಲಗ್ನಪತ್ರಿಕೆ ನೆಕ್ಕಿದ ಹಾಗೆ. ಇದೊಂದು ಆಲ್ಬಮ್ಮಿಗೆ ಮಾತ್ರ ವಿನಾಯಿತಿ ಉಂಟು, ಏಕೆಂದರೆ ಇದು ಸ್ಟುಡಿಯೋ ಆಲ್ಬಮ್ ಆಗುವುದರಲ್ಲಿ ಸಂಪೂರ್ಣವಾಗಿ ಸೋತಿದೆ. ತಂಡದ ಮೊದಲ ಆಲ್ಬಮ್ ನಾಲ್ಕೇ ದಿನಗಳಲ್ಲಿ ಮುಗಿದುದರಿಂದ ಅದು ಕೇವಲ ಅವಸರದ ಅಡುಗೆಯೆಂದು ಮೂಗು ಮುರಿಯುವವರೇ, ತಿಂಗಳುಗಟ್ಟಲೆ ಊರೂರ ಸ್ಟುಡಿಯೋಗಳನ್ನು ಅಲೆದರೂ ಬೇಯದ ಎರಡನೆಯದನ್ನು ಮಹಾಪ್ರಸಾದವೆಂದು ಕಣ್ಣಿಗೊತ್ತಿಕೊಳ್ಳುತ್ತಾರೆ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವುದುಂಟು, ಆದರೆ ಇಲ್ಲಿ ಹೆತ್ತವರಿಗಿಂತ ನೆಂಟರಿಗೇ ಹೆಗ್ಗಣದ ಮೇಲೆ ಮಮತೆ ಹೆಚ್ಚು.

ದಟ್ಟ ಗಾಳಿಯ ಪ್ರಸಂಗ ತಮಗೆಲ್ಲ ಗೊತ್ತೇ ಇದೆ. ಗೊತ್ತಿದ್ದರೂ ನನ್ನ ನೆರೆಯವರು ಅದನ್ನು ಪ್ರತಿ ಶನಿವಾರ ಹೇಳುವುದರಿಂದ ನಾನೂ ಒಮ್ಮೆ ಹೇಳಿ ಹಗುರಾಗುತ್ತೇನೆ. ಧ್ವನಿಮುದ್ರಣ ನಡೆಯುತ್ತಿದ್ದಾಗ ತಂಡದ ಗಿಟಾರ್ ವಾದಕ ಬಾಬ್ ವಿಯರ್ ಎಂಬ ಇಪ್ಪತ್ತರ ಹುಡುಗ, ಹಾಡಿನ ಈ ಜಾಗದಲ್ಲಿ ತನಗೆ ದಟ್ಟ ಗಾಳಿಯ ಸದ್ದು ಬೇಕೆಂದು ಕೇಳಿದ. ರೋಲಿಂಗ್ ಸ್ಟೋನ್ಸ್ ತಂಡದವರೊಂದಿಗೆ ಪಳಗಿದ್ದ ನಿರ್ಮಾಪಕ ಡೇವ್ ಹ್ಯಾಸಿಂಜರ್ ಎರಡೂ ಕೈ ಮೇಲೆತ್ತಿ, ದಟ್ಟ ಗಾಳಿ ಕೇಳುತ್ತಿದ್ದಾನಲ್ಲ ಇವನು ಎಂದು ಗೊಣಗುತ್ತ ಹೊರಟುಹೋದ. ಹೋದವನು ಈ ಕೆಲಸಕ್ಕೆ ಮತ್ತೆ ಮರಳಲಿಲ್ಲ. ಅರವತ್ತು ವರ್ಷಗಳ ಈ ಇತಿಹಾಸದಲ್ಲಿ ಬುದ್ಧಿ ಸ್ಥಿಮಿತದಲ್ಲಿದ್ದ ಒಬ್ಬನೇ ಒಬ್ಬ ಮನುಷ್ಯ ಅವನೆಂದು ನನಗೆ ಅನ್ನಿಸಿದರೆ, ನೆರೆಯವರ ಪಾಲಿಗೆ ಅವನು ಗೀತೋಪದೇಶದ ಹೊತ್ತಿನಲ್ಲಿ ರಥದಿಂದಿಳಿದು ಹೋದ ದೌರ್ಭಾಗ್ಯವಂತ. ಆ ಸದ್ದು ಆಲ್ಬಮ್ಮಿನಲ್ಲಿ ಕೊನೆಗೂ ಸೇರಿಕೊಂಡಿದೆ, ಎಡಗಡೆಯ ಸ್ಪೀಕರಿಗೆ ಕಿವಿಗೊಟ್ಟರೆ ಕೇಳಿಸುತ್ತದೆ ಎಂದು ಅವರು ಸಾಧಿಸುತ್ತಾರೆ. ನಾನು ಕಿವಿಗೊಟ್ಟಿದ್ದೇನೆ. 2020ರ ಸೆಪ್ಟೆಂಬರ್ 9ರಂದು ಕಾಳ್ಗಿಚ್ಚಿನ ಹೊಗೆ ಕವಿದು ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದ ಆಕಾಶವೆಲ್ಲ ಕಿತ್ತಳೆ ಬಣ್ಣಕ್ಕೆ ತಿರುಗಿ, ಹಗಲಿಗೇ ದೀಪ ಹಾಕಬೇಕಾಗಿ ಬಂದ ದಿನ, ಈ ಭೂಮಿಯ ಮೇಲೆ ಅದಕ್ಕಿಂತ ದಟ್ಟವಾದ ಗಾಳಿ ಸಿಗಲಾರದೆಂದು ತಿಳಿದು ಹಿತ್ತಲಿಗೆ ಹೋಗಿಯೂ ಕಿವಿಗೊಟ್ಟೆ. ಒಳಗಡೆ ಗಾಳಿ ಶುದ್ಧ ಮಾಡುವ ಯಂತ್ರ ಗುಂಯ್‌ಗುಡುತ್ತಿದ್ದುದು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ. ಇದನ್ನು ನೆರೆಯವರಿಗೆ ಹೇಳಿದಾಗ ಅವರು ನಗಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿ, ಅದೇ ಇರಬಹುದು ಎಂದರು.

ವಾಯುಸೇನೆಯಲ್ಲಿದ್ದ ಟಾಮ್ ಕಾನ್‌ಸ್ಟಾಂಟನ್ ರಜೆ ಹಾಕಿ ಬಂದು ಈ ಆಲ್ಬಮ್ಮಿಗೆ ಪಿಯಾನೊ ನುಡಿಸಿದ ವೃತ್ತಾಂತವೂ ಇಂಥದೇ. ನುಡಿಸುವುದೆಂದರೆ ಮನೆ ಮುಂದಿನ ಹಾರ್ಮೋನಿಯಂ ಮೇಷ್ಟ್ರು ನುಡಿಸಿದ ಹಾಗಲ್ಲ. ಪಿಯಾನೊದ ತಂತಿಗಳ ನಡುವೆ ನಾಣ್ಯ ಸಿಕ್ಕಿಸಿ, ಅದರ ಹಲಗೆಯ ಮೇಲೆ ಜೈರೋಸ್ಕೋಪನ್ನು, ಅಂದರೆ ನಮ್ಮ ಬುಗುರಿಯ ಓದಿದ ತಮ್ಮನನ್ನು, ತಿರುಗಿಸಿ ಬಿಟ್ಟು ಆ ಕರಕರ ಸದ್ದನ್ನು ಹಿಡಿದಿಟ್ಟರು. ನಾನು ಎಂಟನೆಯ ವಯಸ್ಸಿನಲ್ಲಿ ಅತ್ತೆಯ ಹಾರ್ಮೋನಿಯಂ ಮೇಲೆ ಬುಗುರಿ ಆಡಿಸಿದಾಗ ಕಪಾಳಕ್ಕೆ ಬಿದ್ದ ಏಟಿನ ನೆನಪು ಈಗಲೂ ಇದೆ. ಅದು ಕಾಲಕ್ಕಿಂತ ಮುಂದಿದ್ದ ಪ್ರಯೋಗವೆಂದು ವಾದಿಸಲು ಆಗ ನನ್ನ ಪರವಾಗಿ ಒಬ್ಬ ಅಭಿಮಾನಿಯೂ ಇರಲಿಲ್ಲ.

ಇನ್ನು ಈ ಆಲ್ಬಮ್ಮನ್ನು ಹೊರತರಬೇಕಿದ್ದ ವಾರ್ನರ್ ಬ್ರದರ್ಸ್ ಕಂಪನಿಯ ಜೋ ಸ್ಮಿತ್ 1967ರ ಡಿಸೆಂಬರಿನಲ್ಲಿ ತಂಡದ ಮ್ಯಾನೇಜರಿಗೆ ಬರೆದ ಪತ್ರ. ನಮ್ಮ ಕಂಪನಿ ಇದುವರೆಗೆ ಕೈಹಾಕಿದ ಕೆಲಸಗಳಲ್ಲೆಲ್ಲ ಇಷ್ಟು ವಿಚಾರಹೀನವಾದದ್ದು ಇನ್ನೊಂದಿಲ್ಲ, ಬೇಸ್ ವಾದಕ ಫಿಲ್ ಲೆಶ್ ಸಾಮಾನ್ಯ ಮನುಷ್ಯನಂತೆ ನಡೆದುಕೊಳ್ಳುವ ಹಾಗೆ ಮಾಡಬಲ್ಲವರು ನಿಮ್ಮಲ್ಲಿ ಯಾರೂ ಇದ್ದಂತಿಲ್ಲ ಎಂಬರ್ಥದ, ಸಾಲ ಕೊಟ್ಟವನ ಸಂಕಟವೆಲ್ಲ ತುಂಬಿದ ಪತ್ರವದು. ದೂರು ಅಕ್ಷರಶಃ ನಿಜವಾಗಿತ್ತು. ಇಂದು ಅದು ಭಕ್ತರ ಬಾಯಲ್ಲಿ ಬಿರುದಾವಳಿ. ಬೈಗುಳವನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವ ಈ ಔದಾರ್ಯ ನಮ್ಮ ರಾಜಕಾರಣಿಗಳಿಗೂ ಒಲಿದಿಲ್ಲ. ನನ್ನ ನೆರೆಯವರು ಪತ್ರದ ಸಾಲುಗಳನ್ನು ಉಚ್ಚರಿಸುವ ಧಾಟಿಯಲ್ಲಿ ನಾನು ಪುರುಷಸೂಕ್ತ ಕೇಳಿದ್ದೇನೆ.

ನಿರ್ಮಾಪಕ ಓಡಿಹೋದ ಮೇಲೆ ತಂಡದವರೇ, ಧ್ವನಿ ತಂತ್ರಜ್ಞ ಡ್ಯಾನ್ ಹೀಲಿಯನ್ನು ಜೊತೆಗಿಟ್ಟುಕೊಂಡು, ಬೇರೆ ಬೇರೆ ಊರುಗಳ ಕಚೇರಿಗಳಲ್ಲಿ ಮುದ್ರಿಸಿದ ಟೇಪುಗಳನ್ನೂ ಸ್ಟುಡಿಯೋದ ಟೇಪುಗಳನ್ನೂ ಒಂದರ ಮೇಲೊಂದು ಹೊದಿಸಿ, ಒಂದೇ ಹಾಡು ಒಂದು ಊರಿನಲ್ಲಿ ಶುರುವಾಗಿ ಇನ್ನೊಂದು ಊರಿನಲ್ಲಿ ಮುಗಿಯುವಂತೆ ಹೊಲಿದರು. ಕೌದಿ ಹೊಲಿಯುವ ಕೆಲಸವೇ ಸರಿ, ಕೆಲವು ಕಡೆ ಹೊಲಿಗೆ ನಿಜಕ್ಕೂ ಸೊಗಸಾಗಿದೆ ಎಂದು ಒಪ್ಪಿಕೊಳ್ಳುವುದರಲ್ಲಿ ನನಗೆ ನಾಚಿಕೆಯಿಲ್ಲ. ತೊಂದರೆ ಶುರುವಾದದ್ದು ಲೆಶ್ ಅದನ್ನು ಬಿಚ್ಚಿ ಮತ್ತೆ ಹೊಲಿದಾಗ. ಆ ಹೊಸ ಮಿಕ್ಸ್ 1972ರಲ್ಲಿ ಹಳೆಯ ಹೆಸರಿನಲ್ಲೇ ಅಂಗಡಿಗೆ ಬಂತು. ಅಂದಿನಿಂದ ಭಕ್ತಕೋಟಿ ಎರಡು ಮಠವಾಗಿದೆ. ಏಕಾದಶಿ ಇಂದೋ ನಾಳೆಯೋ ಎಂದು ಪಂಚಾಂಗ ಹಿಡಿದು ವಾದಿಸುವವರನ್ನು ಕಂಡು ಬೆಳೆದ ನನಗೂ ಈ ಜಗಳದ ಸೂಕ್ಷ್ಮ ದಕ್ಕಲು ಎರಡು ವರ್ಷ ಹಿಡಿಯಿತು. ಒಂದು ಮಠದವರಿಗೆ 1968ರದ್ದು ಮಡಿ, 1972ರದ್ದು ಮೈಲಿಗೆ. ಇನ್ನೊಂದು ಮಠದವರ ಪ್ರಕಾರ, ಕರ್ತೃವೇ ತಿದ್ದಿದ ಮೇಲೆ ತಿದ್ದಿದ್ದೇ ಪ್ರಮಾಣ. ಯಾವ ಗ್ರಾಮಫೋನ್ ತಟ್ಟೆ ಯಾವ ಮಿಕ್ಸಿನದೆಂದು ಕಂಡುಹಿಡಿಯುವ ವಿಧಿಯೂ ಉಂಟು. ಹಾಡು ಮುಗಿಯುವ ಜಾಗದಲ್ಲಿ, ಲೇಬಲ್ಲಿಗೂ ಕೊನೆಯ ಗೆರೆಗೂ ನಡುವೆ ಬೆರಳಗಲದ ನುಣುಪಾದ ಕಪ್ಪು ಪಟ್ಟಿಯಿದೆಯಲ್ಲ, ಅಲ್ಲಿ ಸೂಜಿಯಿಂದ ಗೀಚಿದಂಥ ಸಂಖ್ಯೆಯ ಕೊನೆಗೆ ‘ಆರ್’ ಮತ್ತು ‘ಇ’ ಎಂಬ ಎರಡು ಅಕ್ಷರಗಳಿದ್ದರೆ ಅದು ತಿದ್ದಿದ ಪ್ರತಿ. ಅರವತ್ತೆಂಟು ವಯಸ್ಸಿನ ಗೃಹಸ್ಥರೊಬ್ಬರು ಹತ್ತಿಯ ಕೈಗವಸು ತೊಟ್ಟು, ಬಾಯಲ್ಲಿ ಪುಟ್ಟ ಟಾರ್ಚು ಕಚ್ಚಿಕೊಂಡು, ಭೂತಗನ್ನಡಿಯಡಿ ತಟ್ಟೆಯನ್ನು ಓರೆಯಾಗಿ ಹಿಡಿದು ಆ ಎರಡು ಅಕ್ಷರಗಳನ್ನು ಹುಡುಕುವುದನ್ನು ನಾನು ಅರ್ಧ ಗಂಟೆ ನೋಡಿದ್ದೇನೆ. ಆ ಅರ್ಧ ಗಂಟೆಯಲ್ಲಿ ಸಂಗೀತ ಯಾರಿಗೂ ತೊಂದರೆ ಕೊಡಲಿಲ್ಲ.

ನನ್ನ ಪಾಲಿನ ಶಿಕ್ಷೆ ಬೇರೆಯೇ ಇದೆ. ತಂಡದ ಇಬ್ಬರು ಡ್ರಮ್ ವಾದಕರಲ್ಲಿ ಒಬ್ಬರಾದ ಮಿಕಿ ಹಾರ್ಟ್ ತಬಲಾ ಮಾಂತ್ರಿಕ ಅಲ್ಲಾ ರಖಾ ಅವರಿಂದ ಕಲಿತದ್ದು, ಮುಂದೆ ಝಾಕಿರ್ ಹುಸೇನರ ಜೊತೆಗೂಡಿ ನುಡಿಸಿದ್ದು ಎಲ್ಲವೂ ನಿಜ. ಅದರಿಂದ ನೆರೆಯವರು ತೆಗೆದಿರುವ ನಿರ್ಣಯವೆಂದರೆ, ಬೆಂಗಳೂರಿನಿಂದ ಬಂದ ನನಗೆ ಈ ಆಲ್ಬಮ್ಮಿನ ತಾಳ ಹುಟ್ಟಿನಿಂದಲೇ ಅರ್ಥವಾಗಿರಬೇಕು ಎಂಬುದು. ಚಾಮರಾಜಪೇಟೆಯ ರಾಮನವಮಿ ಕಚೇರಿಗಳಿಗೆ ನಾನು ಹೋಗುತ್ತಿದ್ದುದು ಪಾನಕ ಕೋಸಂಬರಿಗಾಗಿ ಎಂಬ ಸತ್ಯವನ್ನು ಈ ವಿದೇಶದಲ್ಲಿ ಯಾರಿಗೆ ಹೇಳಲಿ? ಒಂದು ಶನಿವಾರ ತಡೆಯಲಾರದೆ, ಬಹಳ ಗಂಭೀರವಾಗಿ ತೊಡೆ ತಟ್ಟುತ್ತ, ಇದು ಮಿಶ್ರ ಛಾಪು ಎಂದುಬಿಟ್ಟೆ. ಅವರು ಕಾಗುಣಿತ ಕೇಳಿ ಬರೆದುಕೊಂಡರು. ಈಗ ಅದು ಈ ಪ್ರಾಂತದ ಭಕ್ತವಲಯದಲ್ಲೆಲ್ಲ ಹರಡಿದ್ದರೆ ಆ ಪಾಪ ನನ್ನದು.

ಇಲ್ಲಿಯವರೆಗಿನದು ವಿನೋದ. ಯಾರ ದುಡ್ಡು ಯಾರ ಹುಚ್ಚು ಎಂದು ಸುಮ್ಮನಿರಬಹುದಿತ್ತು. ಆದರೆ ಹುಚ್ಚನ್ನು ಅಳೆದು ಮಾರುವ ಅಂಗಡಿಯನ್ನು ಕಂಡಾಗ ನಗು ನಿಂತುಹೋಗುತ್ತದೆ. ಬಂದವರೆಲ್ಲ ಮುದ್ರಿಸಿಕೊಳ್ಳಿ, ಹಂಚಿಕೊಳ್ಳಿ, ಮಾರಬೇಡಿ ಅಷ್ಟೇ ಎಂದು ಹೇಳಿ ದೊಡ್ಡದಾದ ತಂಡವಿದು. ಅದೇ ತಂಡದ ಹೆಸರಿನಲ್ಲಿ 2011ರಲ್ಲಿ ಒಂದು ಯುರೋಪ್ ಪ್ರವಾಸದ 22 ಕಚೇರಿಗಳನ್ನು 73 ಸಿ.ಡಿ.ಗಳಲ್ಲಿ ತುಂಬಿ, ಪ್ರಯಾಣದ ಟ್ರಂಕಿನಂಥ ಪೆಟ್ಟಿಗೆಯಲ್ಲಿಟ್ಟು, 7,200 ಪೆಟ್ಟಿಗೆ ಮಾತ್ರ ಎಂದು ಸಾರಿದರು. 2015ರಲ್ಲಿ 80 ಸಿ.ಡಿ.ಗಳ ಪೆಟ್ಟಿಗೆ ಬಂತು, ಅದು 6,500 ಮಾತ್ರ. ಮೂಗಿಗಿಂತ ಮೂಗುತಿ ಭಾರ. ಈ ಆಲ್ಬಮ್ಮಿಗೂ 2018ರಲ್ಲಿ ಐವತ್ತು ತುಂಬಿದಾಗ ಎರಡೂ ಮಿಕ್ಸುಗಳನ್ನು ಹೊಸದಾಗಿ ಉಜ್ಜಿ, ಜೊತೆಗೆ 1967ರ ಒಂದು ಕಚೇರಿಯನ್ನು ಕೊಸರು ಹಾಕಿ ಮಾರಿದರು. ನೆರೆಯವರು ಕೊಂಡರು, ಬಿಡಿ. ಅವರ ಬಳಿ ಈ ಒಂದು ಆಲ್ಬಮ್ಮಿನ ಹನ್ನೊಂದು ಪ್ರತಿಗಳಿವೆ, ನೇರಳೆ ಹಿನ್ನೆಲೆಯ ಹೊದಿಕೆಯವು ಕೆಲವು, ಬಿಳಿ ಹಿನ್ನೆಲೆಯದು ಒಂದು. ಇನ್ನೂ ಎರಡು ಪ್ರತಿ ಪ್ಲಾಸ್ಟಿಕ್ ಹಾಳೆ ಹರಿಯದೆ ಹಾಗೇ ಇವೆ, ಹರಿದರೆ ಬೆಲೆ ಬೀಳುತ್ತದೆ.

ನನಗೆ ಸಾಕಾಗಿರುವುದು ಇದು. ಆ ಆಲ್ಬಮ್ಮಿನ ಎರಡನೆಯ ಮಗ್ಗುಲು ಪೂರ್ತಿಯಾಗಿ ರಾನ್ ಮೆಕರ್ನನ್ ಎಂಬವನ ದನಿಯ ಮೇಲೆ ನಿಂತಿದೆ. ಪಿಗ್‌ಪೆನ್ ಎಂದು ಕರೆಸಿಕೊಳ್ಳುತ್ತಿದ್ದ ಅವನು ಬ್ಲೂಸ್ ಹಾಡುವವನು, ಹಾರ್ಮೋನಿಕ ಊದುವವನು, ಮೊದಮೊದಲು ಜನ ಬರುತ್ತಿದ್ದುದೇ ಅವನ ಹಾಡು ಕೇಳಲಿಕ್ಕೆ. ಅವನಿಗೆ ದಟ್ಟ ಗಾಳಿ ಬೇಕಿರಲಿಲ್ಲ. ಈ ಆಲ್ಬಮ್ ಹೊರಬಂದ ವರ್ಷವೇ, ಹೊಸ ಬಗೆಯ ಜಟಿಲ ಸಂಗೀತಕ್ಕೆ ಇವನು ಸಾಲದೆಂದು ಗೆಳೆಯರೇ ಅವನನ್ನೂ ಆ ವಿಯರ್ ಹುಡುಗನನ್ನೂ ತಂಡದಿಂದ ಬಿಡಿಸಲು ಹೊರಟಿದ್ದರು. ಬಿಡಿಸುವುದು ಆಗಲಿಲ್ಲ, ಉಳಿದ. 1973ರ ಮಾರ್ಚಿನಲ್ಲಿ, ಇಪ್ಪತ್ತೇಳನೆಯ ವಯಸ್ಸಿಗೆ, ಕುಡಿತದಿಂದ ಹಾಳಾದ ದೇಹ ಹೊತ್ತು ಸತ್ತ. ಪಾಲೊ ಆಲ್ಟೊದ ಆಲ್ಟಾ ಮೆಸಾ ಸ್ಮಶಾನದಲ್ಲಿ ಅವನ ಸಮಾಧಿಯಿದೆ. ಅವನು ಅಂದೂ ಇಂದೂ ಎಂದೆಂದೂ ಗ್ರೇಟ್‌ಫುಲ್ ಡೆಡ್‌ನವನೇ ಎಂದು ಕಲ್ಲಿನಲ್ಲಿ ಕೆತ್ತಿದ್ದಾರೆ. ಹೋದ ಮೇಲೆ ಕೆತ್ತುವುದಕ್ಕೆ ಖರ್ಚೇನು? ಹನ್ನೊಂದು ಪ್ರತಿಗಳ ಒಡೆಯರು, ಎರಡು ಮಿಕ್ಸುಗಳ ಪಂಡಿತರು, ಆ ದನಿ ಎಡದಿಂದ ಬಂತೇ ಬಲದಿಂದ ಬಂತೇ ಎಂದು ಗಂಟೆಗಟ್ಟಲೆ ಚರ್ಚಿಸಬಲ್ಲರು. ಹಾಡುತ್ತಿರುವಾಗ ಬಾಯಿ ಮುಚ್ಚಿಕೊಂಡು ಅವನನ್ನು ಐದು ನಿಮಿಷ ಕೇಳುವುದು ಮಾತ್ರ ಅವರಿಂದಾಗದು. ಪ್ರತಿ ಶನಿವಾರ ಸರಿಯಾಗಿ ಅವನು ಬಾಯಿ ತೆರೆಯುವ ಹೊತ್ತಿಗೆ ನನ್ನ ನೆರೆಯವರು ಮಾತು ತೆರೆಯುತ್ತಾರೆ.

ಕಳೆದ ವಾರ ಧೈರ್ಯ ಮಾಡಿ, ಒಂದು ಸಂಜೆಯ ಮಟ್ಟಿಗೆ ಆ ತಟ್ಟೆಯನ್ನು ಮನೆಗೊಯ್ದು ಒಬ್ಬನೇ ಕೇಳಬಹುದೇ ಎಂದು ಕೇಳಿದೆ. ಅವರ ಕಣ್ಣು ತುಂಬಿ ಬಂತು, ಹನ್ನೊಂದು ವರ್ಷದ ಬೋಧನೆ ಫಲಿಸಿತೆಂದು. ಒಳಗೆ ಹೋದವರು ಬಹಳ ಹೊತ್ತು ಕಪಾಟು ತಡಕಾಡಿ, ಮೂಲೆ ಮುದುಡಿದ ಒಂದು ಪ್ರತಿಯನ್ನು ಬರಿಗೈಯಲ್ಲೇ ಹಿಡಿದು ತಂದು ಕೊಟ್ಟರು. ಅಂಗಳದ ದೀಪದಡಿ ನಾನೂ ಅದನ್ನು ಓರೆಯಾಗಿ ಹಿಡಿದು ನೋಡಿದೆ. ‘ಆರ್’, ‘ಇ’ ಎರಡೂ ಇದ್ದವು. ಮಡಿಯದನ್ನು ಯಾರಿಗೂ ಕೊಡುವುದಿಲ್ಲವಂತೆ.