ಗಂಜಿ ಕುಡಿಸುವ ಮೊದಲು

ಅಪ್ಪನನ್ನು ಮಂಗಳೂರಿನ ಆಸ್ಪತ್ರೆಯಿಂದ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಮನೆಗೆ ಕರೆತಂದ ದಿನ ಅಮ್ಮ ಮೊದಲು ಮಾಡಿದ್ದು ಕುಚ್ಚಲಕ್ಕಿ ಗಂಜಿ. 11 ದಿನ ವೆಂಟಿಲೇಟರಿನಲ್ಲಿದ್ದು ಬಂದವರಿಗೆ ಅದಕ್ಕಿಂತ ಹಗುರವಾದದ್ದು ನಮ್ಮ ಕಡೆ ಇನ್ನೇನಿದೆ? ಎರಡನೆಯ ಚಮಚಕ್ಕೆ ಕೆಮ್ಮು ಬಂತು. "ನೆತ್ತಿಗೆ ಹತ್ತಿತು, ಯಾರೋ ನೆನೆಸಿಕೊಂಡರು" ಎಂದು ಅಮ್ಮ ತಲೆ ತಟ್ಟಿದರು. ಮೂರನೆಯ ದಿನದಿಂದ ಕೆಮ್ಮು ಕಡಿಮೆಯಾಯಿತು. ಗುಣವಾಗುತ್ತಿದೆ ಎಂದುಕೊಂಡೆವು. ಐದನೆಯ ರಾತ್ರಿ ಜ್ವರ ಏರಿತು. ಮತ್ತೆ ಆಂಬುಲೆನ್ಸ್, ಮತ್ತೆ ತಲಪಾಡಿಯ ಗಡಿ ದಾಟಿ ಆಸ್ಪತ್ರೆ. ನ್ಯುಮೋನಿಯಾ ಎಂದರು.

ಈ ಸಲ ಒಬ್ಬರು ಸ್ಪೀಚ್ ಥೆರಪಿಸ್ಟ್ ಬಂದರು. ಮಾತು ಕಲಿಸುವವರಿಗೆ ಇಲ್ಲೇನು ಕೆಲಸ ಎಂದು ನನಗೆ ಅಚ್ಚರಿ. ನುಂಗುವುದನ್ನು ಪರೀಕ್ಷಿಸುವುದೂ ಅವರದೇ ಕೆಲಸವಂತೆ. ಅವರು ಅಪ್ಪನಿಗೆ ಒಂದು ಚಮಚ ನೀರು ಕೊಟ್ಟು "ಆ ಅನ್ನಿ" ಎಂದರು. ಅಪ್ಪನ ದನಿಯಲ್ಲಿ ಗೊಳಗೊಳ ಸದ್ದು. ಮನೆಯಲ್ಲಿ ದಿನವೂ ಕೇಳಿದ್ದ ಸದ್ದೇ ಅದು. ಕಫ ಎಂದುಕೊಂಡಿದ್ದೆವು. ಕುಡಿದದ್ದು ಪೂರ್ತಿ ಇಳಿಯದೆ ಗಂಟಲಲ್ಲೇ ನಿಂತರೂ ಹಾಗೆ ಕೇಳುತ್ತದಂತೆ.

ಉಸಿರಿಗೂ ಅನ್ನಕ್ಕೂ ಗಂಟಲಲ್ಲಿ ದಾರಿ ಒಂದೇ. ನುಂಗುವಾಗ ಉಸಿರು ಹೆಚ್ಚುಕಡಿಮೆ ಒಂದು ಸೆಕೆಂಡು ನಿಲ್ಲುತ್ತದೆ. ನುಂಗಿದ ಮೇಲೆ ಸಾಮಾನ್ಯವಾಗಿ ಹೊರಕ್ಕೆ ಹೋಗುತ್ತದೆ. ನಿಮಿಷಕ್ಕೆ 30 ಸಲ ಏದುಸಿರು ಬಿಡುವವರಿಗೆ ಒಂದು ಉಸಿರಿಗೆ ಸಿಗುವುದೇ 2 ಸೆಕೆಂಡು. ಅದರಲ್ಲಿ ನುಂಗಲು ಬಿಡುವು ಎಲ್ಲಿಂದ ಬರಬೇಕು? ತುತ್ತು ಇಳಿಯುವ ಮೊದಲೇ ಉಸಿರು ಒಳಕ್ಕೆಳೆದರೆ ಅದೂ ಶ್ವಾಸಕೋಶದ ಕಡೆ ಜಾರುತ್ತದೆ. ಸಾಲದ್ದಕ್ಕೆ, ವೆಂಟಿಲೇಟರಿನ ಕೊಳವೆ ಧ್ವನಿತಂತುಗಳ ನಡುವೆಯೇ ಇಳಿದಿರುತ್ತದೆ. ದಿನಗಟ್ಟಲೆ ಅದು ಅಲ್ಲಿದ್ದರೆ ಗಂಟಲು ಬಾತು, ಸ್ಪರ್ಶ ಮಂದವಾಗಬಹುದು. ಆಗ ನೀರು ತಪ್ಪು ದಾರಿ ಹಿಡಿದರೂ ಕೆಮ್ಮು ಬಾರದೆ ಇರಬಹುದು. ನಮಗೆ ನೆಮ್ಮದಿ ಕೊಟ್ಟ ಆ ಮೌನವೇ ಅಪಾಯದ ಗುರುತಾಗಿತ್ತು.

ಇನ್ನು ಗಂಜಿ. ತಿಳಿ ಬೇಗ ಜಾರುತ್ತದೆ, ಅಗುಳನ್ನು ಅಗಿಯಬೇಕು. ಸೋತ ಗಂಟಲು ಎರಡನ್ನೂ ಒಟ್ಟಿಗೆ ನಿಭಾಯಿಸುವುದು ಕಷ್ಟ. ಇದನ್ನು ಕೇಳಿ ಅಮ್ಮ ಅತ್ತುಬಿಟ್ಟರು. ತಪ್ಪು ಅವರದಲ್ಲ. ಮೊದಲ ಸಲದ ಡಿಸ್ಚಾರ್ಜ್ ಕಾಗದದಲ್ಲಿ ಮಾತ್ರೆ, ಇನ್ಹೇಲರ್, ಆಮ್ಲಜನಕ ಎಲ್ಲದರ ವಿವರವಿತ್ತು. ಊಟದ ಬಗ್ಗೆ ಇದ್ದದ್ದು "ಮೃದು ಆಹಾರ" ಎಂಬ ಎರಡು ಪದ, ಅದೂ ಇಂಗ್ಲಿಷಿನಲ್ಲಿ. ಇದು ನನಗೆ ಇಂದಿಗೂ ಸಿಟ್ಟು ತರಿಸುತ್ತದೆ. ಕೊಳವೆ ತೆಗೆದವರನ್ನು ಮನೆಗೆ ಕಳಿಸುವ ಮುನ್ನ ಅವರು ನುಂಗುವುದನ್ನು ಒಮ್ಮೆ ಪರೀಕ್ಷಿಸಲೇಬೇಕು, ಮನೆಯವರಿಗೆ ಅವರ ಭಾಷೆಯಲ್ಲಿ ಹೇಳಲೇಬೇಕು. ಕಾಸರಗೋಡಿನ ನಮಗೆ ಚೀಟಿ ಇಂಗ್ಲಿಷಿನಲ್ಲಿ, ಊರಿನ ತಿಳಿವಳಿಕೆ ಪತ್ರ ಮಲಯಾಳದಲ್ಲಿ. ಅಮ್ಮ ಓದುವುದು ಕನ್ನಡ ಮಾತ್ರ. ಪಾಲಿಯೇಟಿವ್ ಆರೈಕೆಗೆ, ಅಂದರೆ ದೀರ್ಘ ಕಾಯಿಲೆಯವರ ನೋವು ತಗ್ಗಿಸುವ ಆರೈಕೆಗೆ, ಕೇರಳದಲ್ಲಿ 2008ರಿಂದಲೇ ಸರ್ಕಾರದ ನೀತಿಯಿದೆ, ನರ್ಸ್ ಮನೆ ಬಾಗಿಲಿಗೇ ಬರುತ್ತಾರೆ. ಅವರ ಚೀಲದಲ್ಲಿ ಈ ಬಗ್ಗೆ ಕನ್ನಡದ ಒಂದು ಹಾಳೆ ಇರಲಿ ಎಂದು ಪಂಚಾಯತಿಗೆ ಅರ್ಜಿ ಬರೆದಿದ್ದೇನೆ.

ಎಲ್ಲರ ಗಂಟಲೂ ಒಂದೇ ತರ ಅಲ್ಲ, ಪರೀಕ್ಷಿಸಿದವರು ಹೇಳಿದಂತೆಯೇ ನಡೆಯಬೇಕು. ಅಪ್ಪನಿಗೆ ಹೇಳಿದ್ದು ಅಗುಳಿಲ್ಲದ ದಪ್ಪ ರಾಗಿ ಮಣ್ಣಿ, ನೆಟ್ಟಗೆ ಕುಳಿತು, ಚಿಕ್ಕ ಚಮಚದಲ್ಲಿ. ಅಮ್ಮ ಈಗ ಚಮಚ ಹಿಡಿದು ಅವರ ಎದೆಯನ್ನೇ ನೋಡುತ್ತಾರೆ. ಒಂದು ಉಸಿರು, ಎರಡು ಉಸಿರು. ಅದು ನಿಧಾನವಾದ ಮೇಲೆ "ಆ ಅನ್ನಿ" ಎನ್ನುತ್ತಾರೆ. ದನಿ ತಿಳಿಯಾಗಿದ್ದರೆ ಮುಂದಿನ ಚಮಚ. ಒಂದು ಬಟ್ಟಲು ಮುಗಿಯಲು ಮುಕ್ಕಾಲು ಗಂಟೆ ಬೇಕು.