ಪ್ರಶಸ್ತಿ ಜೊತೆ ಒಂದು ವಾರದ ಥಿಯೇಟರೂ ಕೊಡಿ

2025ರ ಸೆಪ್ಟೆಂಬರ್ 23ಕ್ಕೆ ಎರಡು ಸುದ್ದಿ ಒಟ್ಟಿಗೆ ಬಂದವು. ಡೆಲ್ಲಿಯ ವಿಜ್ಞಾನ ಭವನದಲ್ಲಿ ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು 71ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿ ಕೊಟ್ಟರು. ಕೊಡಗಿನ ಯಶೋದಾ ಪ್ರಕಾಶ್ ನಿರ್ದೇಶಿಸಿದ 'ಕಂದೀಲು' ಅತ್ಯುತ್ತಮ ಕನ್ನಡ ಚಿತ್ರ ಅನ್ನಿಸಿಕೊಂಡಿತು. ಅದೇ ದಿನ ಬೆಂಗಳೂರಿನಲ್ಲಿ ಹೈಕೋರ್ಟು, ಸಿನಿಮಾ ಟಿಕೆಟ್ 200 ರೂಪಾಯಿ ದಾಟಬಾರದು ಅಂತ ರಾಜ್ಯ ಸರ್ಕಾರ ಮಾಡಿದ್ದ ನಿಯಮಕ್ಕೆ ಮಧ್ಯಂತರ ತಡೆ ಕೊಟ್ಟಿತು. ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಮೊದಲನೇ ಸುದ್ದಿಗೆ ಚಪ್ಪಾಳೆ ಬಿತ್ತು, ಎರಡನೇದಕ್ಕೆ ರಾತ್ರಿವರೆಗೂ ಜಗಳ ಆಯಿತು. ಜಗಳ ಆಡಿದವರೇ ಸಿನಿಮಾ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಂಡವರು ಅಂತ ನನಗೆ ಅನ್ನಿಸಿತು.

ನಾನೇನು ಸಿನಿಮಾ ಪಂಡಿತ ಅಲ್ಲ. ತುಮಕೂರಿನಲ್ಲಿ ಕೈಯಿಂದ ದುಡ್ಡು ಕೊಟ್ಟು ಪಿಕ್ಚರ್ ನೋಡುವವನು. ಪ್ರಶಸ್ತಿ ಬೇಡ ಅಂತಲೂ ಹೇಳುತ್ತಿಲ್ಲ. ಹಾಗೆ ನೋಡಿದರೆ ಈ ವಿಷಯದಲ್ಲಿ ನಾವು ಸ್ವಲ್ಪ ಜಂಭ ಕೊಚ್ಚಿಕೊಳ್ಳಬಹುದು. 1954ರ 'ಬೇಡರ ಕಣ್ಣಪ್ಪ' ನಮ್ಮ ಗುಬ್ಬಿ ವೀರಣ್ಣನವರ ಸಂಸ್ಥೆಯ ಸಿನಿಮಾ. ಅದರಲ್ಲಿ ನಟಿಸಿದ ರಾಜ್‌ಕುಮಾರ್, ನಮ್ಮ ತಿಪಟೂರಿನ ನರಸಿಂಹರಾಜು, ಜಿ.ವಿ. ಅಯ್ಯರ್, ಮೂವರೂ ವೀರಣ್ಣನವರ ಗುಬ್ಬಿ ನಾಟಕ ಕಂಪನಿಯಲ್ಲಿ ಬಣ್ಣ ಹಚ್ಚಿ ಪಳಗಿದವರು. ರಾಷ್ಟ್ರ ಪ್ರಶಸ್ತಿ ಶುರುವಾದ ಎರಡನೇ ಸಾಲಿನಲ್ಲೇ ಅದಕ್ಕೆ ಅರ್ಹತಾ ಪತ್ರ ಸಿಕ್ಕಿತು. ಇನ್ನು ತುರುವೇಕೆರೆ ತಾಲ್ಲೂಕು ದಂಡಿನಶಿವರದ ನಿರ್ದೇಶಕ ಪಿ. ಶೇಷಾದ್ರಿ. 'ಮುನ್ನುಡಿ'ಯಿಂದ ಹಿಡಿದು 'ಡಿಸೆಂಬರ್ 1'ರವರೆಗೆ ಸಾಲಾಗಿ ಎಂಟು ಸಿನಿಮಾಗಳಿಗೆ ರಾಷ್ಟ್ರ ಪ್ರಶಸ್ತಿ ತಂದವರು. ಎಂಟು! ಕೋಲಾರ ಜಿಲ್ಲೆಗೆ ಹೋದರೆ ಮುಳಬಾಗಿಲಿನ ನಟಿ ಸೌಂದರ್ಯ ಇದ್ದರು. ಅವರೇ ನಿರ್ಮಿಸಿ, ನಟಿಸಿ, ಗಿರೀಶ್ ಕಾಸರವಳ್ಳಿ ನಿರ್ದೇಶಿಸಿದ 'ದ್ವೀಪ'ಕ್ಕೆ ದೇಶದ ಅತ್ಯುತ್ತಮ ಚಿತ್ರ ಅಂತ ಸ್ವರ್ಣ ಕಮಲ ಬಂತು. 'ಸಂಸ್ಕಾರ'ದಿಂದ ಶುರುವಾಗಿ ಕನ್ನಡಕ್ಕೆ ಅದು ಆರನೇದು. ಅದಾದ ಮೇಲೆ ಆ ದೊಡ್ಡ ಪ್ರಶಸ್ತಿ ಈ ಕಡೆ ತಲೆ ಹಾಕಿಲ್ಲ.

ಈಗ ಹೇಳಿ. ಶೇಷಾದ್ರಿಯವರ ಆ ಎಂಟರಲ್ಲಿ ಎಷ್ಟನ್ನು ನೀವು ತುಮಕೂರಿನ ಥಿಯೇಟರಿನಲ್ಲಿ ಕೂತು ನೋಡಿದ್ದೀರಿ? ನನ್ನ ಉತ್ತರ ಸೊನ್ನೆ. ಒಂದೆರಡು ಟಿವಿಯಲ್ಲಿ ಬಂದಾಗ ನೋಡಿದೆ, ಇನ್ನೊಂದೆರಡು ಯೂಟ್ಯೂಬಿನಲ್ಲಿ. ಉಳಿದವನ್ನು ನೋಡಿಲ್ಲ. ನಮ್ಮ ಜಿಲ್ಲೆಯವರ ಸಿನಿಮಾ, ಡೆಲ್ಲಿಯಲ್ಲಿ ಗೆದ್ದ ಸಿನಿಮಾ, ನಮ್ಮೂರಿನಲ್ಲೇ ಸರಿಯಾಗಿ ಓಡಲಿಲ್ಲ ಅಂದರೆ ಏನರ್ಥ? ಮದುವೆಗೆ ಕರೆದು ಎಲೆ ಹಾಕದೆ ಕಳಿಸಿದ ಹಾಗೆ.

ಪ್ರಯತ್ನ ಪಡಲಿಲ್ಲ ಅಂತಲ್ಲ. ಕೆಲವು ವರ್ಷಗಳ ಹಿಂದೆ ರಾಷ್ಟ್ರ ಪ್ರಶಸ್ತಿ ಬಂದ ಒಂದು ಕನ್ನಡ ಸಿನಿಮಾ ನಮ್ಮೂರಿನ ಒಂದು ಟಾಕೀಸಿಗೆ ಬಂತು. ದಿನಕ್ಕೆ ಒಂದೇ ಶೋ, ಅದೂ ಬೆಳಗ್ಗೆ. ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ಹೋದೆ. ಕೌಂಟರಿನಲ್ಲಿದ್ದವರು ಸಿನಿಮಾ ಹೆಸರು ಕೇಳಿ ನನ್ನನ್ನೇ ಒಂದು ಸಲ ನೋಡಿದರು.

"ಆರೇ ಜನ ಸಾರ್ ಆಗಿರೋದು. ಹದಿನೈದಾದ್ರೂ ಆಗ್ಲಿ, ಹಾಕ್ತೀವಿ."

ಮೆಟ್ಟಿಲ ಹತ್ತಿರ ನಿಂತೆವು. ಒಬ್ಬರು ರಿಟೈರ್ಡ್ ಮೇಷ್ಟ್ರು, ಇಬ್ಬರು ಕಾಲೇಜು ಹುಡುಗಿಯರು, ಒಂದು ಗಂಡ ಹೆಂಡತಿ, ನಾನು. ಶೋ ಟೈಮ್ ದಾಟಿ ಇಪ್ಪತ್ತು ನಿಮಿಷ ಆಯಿತು. ಮೇಷ್ಟ್ರು, "ಹದಿನೈದು ಟಿಕೆಟ್ಟೂ ನಾವೇ ತಗೊಂಡ್ರೆ ಹಾಕ್ತೀರೇನಪ್ಪಾ?" ಅಂತ ಕೇಳಿದರು. ಹುಡುಗಿಯರು ಪರ್ಸ್ ತೆಗೆದು ಲೆಕ್ಕ ಹಾಕೋಕೆ ಶುರು ಮಾಡಿದರು. ಅಷ್ಟರಲ್ಲಿ ಒಳಗಿನಿಂದ ಒಬ್ಬರು ಬಂದು, "ಸುಮ್ನೆ ಯಾಕೆ ಕಾಯ್ತೀರ ಸಾರ್, ಇವತ್ತು ಶೋ ಇಲ್ಲ. ಮ್ಯಾಟ್ನಿಗೆ ತೆಲುಗು ಪಿಕ್ಚರ್ ಐತೆ, ಅದಕ್ಕೆ ಬನ್ನಿ, ಚೆನ್ನಾಗೈತೆ" ಅಂದರು. ಶುಕ್ರವಾರ ಆ ಪೋಸ್ಟರ್ ಹೋಗಿ ಬೇರೆ ಪೋಸ್ಟರ್ ಬಂತು.

ಟಾಕೀಸಿನವರನ್ನು ಬೈಯೋದು ಸುಲಭ. ಆದರೆ ಅವರ ಲೆಕ್ಕ ಅವರದು. ಆರು ಜನಕ್ಕೆ ಶೋ ಹಾಕಿದರೆ ಕರೆಂಟು ಬಿಲ್ಲಿಗೂ ಸಾಲದು, ಆಪರೇಟರ್, ಗೇಟ್‌ಕೀಪರ್, ಕಸ ಗುಡಿಸುವವರ ಸಂಬಳ ಆಮೇಲಿನ ಮಾತು. ಈ ಕಡೆ ನಿರ್ಮಾಪಕರ ಪಾಡು ಇನ್ನೂ ಕಷ್ಟ. ಮೊದಲೆಲ್ಲ ರೀಲಿನ ಡಬ್ಬ ಬಸ್ಸಿನಲ್ಲಿ ಬರುತ್ತಿತ್ತು. ಈಗ ಸಿನಿಮಾ ಸ್ಯಾಟಲೈಟಿನಲ್ಲೋ ಹಾರ್ಡ್‌ಡಿಸ್ಕಿನಲ್ಲೋ ಬರುತ್ತದೆ. ಅದಕ್ಕೆ ಯುಎಫ್‌ಒ, ಕ್ಯೂಬ್ ಥರದ ಡಿಜಿಟಲ್ ಕಂಪನಿಗಳಿಗೆ ಸ್ಕ್ರೀನ್ ಲೆಕ್ಕದಲ್ಲಿ ದುಡ್ಡು ಕಟ್ಟಬೇಕು. ಜನ ಬಂದರೂ ಕಟ್ಟಬೇಕು, ಬರದಿದ್ದರೂ ಕಟ್ಟಬೇಕು. ಸಣ್ಣ ಬಜೆಟ್ಟಿನವನು ಬೆಂಗಳೂರಿನಲ್ಲಿ ನಾಲ್ಕು ಸ್ಕ್ರೀನ್ ಹಿಡಿಯುವಷ್ಟರಲ್ಲೇ ಸುಸ್ತಾಗುತ್ತಾನೆ. ತುಮಕೂರಿಗೆ ಯಾಕೆ ಬರುತ್ತಾನೆ?

ಇದಕ್ಕೆ ಇನ್ನೊಂದು ಹಳೇ ಕಾರಣವೂ ಇದೆ. ಗಾಂಧಿನಗರದ ಹಂಚಿಕೆದಾರರ ಲೆಕ್ಕದಲ್ಲಿ ನಾವು ಬಿಕೆಟಿ ಏರಿಯಾ, ಅಂದರೆ ಬೆಂಗಳೂರು, ಕೋಲಾರ, ತುಮಕೂರು. 2007ರಲ್ಲಿ ಕೋಲಾರದಿಂದ ಬೇರೆಯಾದ ಚಿಕ್ಕಬಳ್ಳಾಪುರವೂ ಅದರೊಳಗೇ. ಬೆಂಗಳೂರಿನಲ್ಲಿ ಓಡಿದರೆ ಸಾಕು, ಬಿಕೆಟಿ ಬಂದ ಹಾಗೆ ಅನ್ನೋದು ಅವರ ಧೈರ್ಯ. ಎಪ್ಪತ್ತು ಕಿಲೋಮೀಟರ್ ತಾನೇ, ಬೇಕಿದ್ದವರು ಬಂದು ನೋಡುತ್ತಾರೆ ಬಿಡು ಅಂತ. ನೋಡುವವರು ಹೋಗುತ್ತಾರೆ ನಿಜ. ಆದರೆ ಪಾವಗಡ, ಬಾಗೇಪಲ್ಲಿ, ಗೌರಿಬಿದನೂರು, ಮುಳಬಾಗಿಲಿನ ಜನ ಏನು ಮಾಡುತ್ತಾರೆ? ಪಕ್ಕದಲ್ಲೇ ತೆಲುಗು ಸಿನಿಮಾ ಅದ್ಧೂರಿಯಾಗಿ ಬಂದಿರುತ್ತದೆ, ನೋಡುತ್ತಾರೆ. ಮನೆಯಲ್ಲಿ ಅರ್ಧ ಮಾತು ತೆಲುಗೇ ಇರುವ ಕಡೆ ಅದು ತಪ್ಪೂ ಅಲ್ಲ. ಕನ್ನಡದ ಒಳ್ಳೇ ಸಿನಿಮಾ ಅಲ್ಲಿಗೆ ಹೋಗಿ ಸೋತಿದ್ದರೆ ಒಪ್ಪಿಕೊಳ್ಳಬಹುದಿತ್ತು. ಅದು ಹೋಗೇ ಇಲ್ಲವಲ್ಲ.

ಪ್ರಶಸ್ತಿಯ ನಿಯಮವೂ ಇದಕ್ಕೆ ಸರಿಯಾಗೇ ಇದೆ. ಆಯಾ ವರ್ಷ ಸೆನ್ಸಾರ್ ಸರ್ಟಿಫಿಕೇಟ್ ಸಿಕ್ಕಿದ್ದರೆ ಸ್ಪರ್ಧೆಗೆ ಕಳಿಸಬಹುದು. ಜನ ನೋಡಿರಬೇಕು ಅಂತೇನಿಲ್ಲ. ಮೊದಲು ಪ್ರಾದೇಶಿಕ ಸಮಿತಿ ನೋಡುತ್ತದೆ, ಆಮೇಲೆ ಡೆಲ್ಲಿಯ ಸಮಿತಿ. ಅಷ್ಟರಲ್ಲಿ ಎರಡು ವರ್ಷ ಕಳೆದಿರುತ್ತದೆ. 2023ರ ಸಿನಿಮಾಗಳಿಗೆ 2025ರ ಸೆಪ್ಟೆಂಬರಿನಲ್ಲಿ ಪ್ರಶಸ್ತಿ. ಮಾರನೇ ದಿನ ಪೇಪರಿನಲ್ಲಿ ಫೋಟೋ ನೋಡಿ ಯಾರಿಗಾದರೂ ಸಿನಿಮಾ ನೋಡಬೇಕು ಅನ್ನಿಸಿದರೆ ಎಲ್ಲಿಗೆ ಹೋಗಬೇಕು?

ಹಿಂದೆ ಹೀಗಿರಲಿಲ್ಲ. ಭಾನುವಾರ ಮಧ್ಯಾಹ್ನ ದೂರದರ್ಶನದಲ್ಲಿ ಪ್ರಶಸ್ತಿ ಬಂದ ಪ್ರಾದೇಶಿಕ ಭಾಷೆಯ ಸಿನಿಮಾ ಹಾಕುತ್ತಿದ್ದರು. ಊಟ ಮುಗಿಸಿ ಕೂತರೆ ಒಂದು ವಾರ ಬಂಗಾಳಿ, ಒಂದು ವಾರ ಮಲಯಾಳಂ, ಪುಣ್ಯ ಇದ್ದರೆ ಕನ್ನಡ. ಬೇರೆ ಚಾನೆಲ್ ಇರಲಿಲ್ಲ, ಹಾಗಾಗಿ ಬೈಕೊಂಡಾದರೂ ನೋಡುತ್ತಿದ್ದರು. 'ತಬರನ ಕಥೆ'ಯನ್ನು ನಮ್ಮ ಮನೆಯವರೆಲ್ಲ ನೋಡಿದ್ದು ಹಾಗೇ. ಪೆನ್ಷನ್ನಿಗೆ ಅಲೆಯುವ ತಬರನಾಗಿ ಚಾರುಹಾಸನ್ ಅದರಲ್ಲಿ ಅತ್ಯುತ್ತಮ ನಟ ಪ್ರಶಸ್ತಿ ತಗೊಂಡರು ಅನ್ನೋದು ನಮ್ಮಪ್ಪನಿಗೆ ಗೊತ್ತಿರಲಿಲ್ಲ. ಆದರೆ ಪಹಣಿ ತಿದ್ದುಪಡಿಗೆ ತಾಲ್ಲೂಕು ಕಚೇರಿಗೆ ಅಲೆದು ಬಂದಾಗಲೆಲ್ಲ ಚಪ್ಪಲಿ ಬಿಡುತ್ತಾ, "ನಂದೂ ತಬರನ ಕಥೆ ಆಯ್ತು ಕಣೇ" ಅನ್ನೋರು. ಅಮ್ಮ ನೀರು ಕೊಡೋರು. ಪ್ರಶಸ್ತಿ ಸಿನಿಮಾ ಅಂದರೆ ಬೋರು, ಹಳ್ಳಿ ಕಡೆಯವರಿಗೆ ಅರ್ಥ ಆಗಲ್ಲ ಅನ್ನುವವರಿಗೆ ನಾನು ನಮ್ಮಪ್ಪನನ್ನು ತೋರಿಸುತ್ತೇನೆ. (ಕೆಲವು ನಿಜಕ್ಕೂ ಬೋರು. ಕ್ಯಾಮೆರಾ ಒಂದು ಬಾಗಿಲನ್ನೇ ಐದು ನಿಮಿಷ ನೋಡುತ್ತಾ ಕೂತರೆ ನನಗೂ ಆಕಳಿಕೆ ಬರುತ್ತದೆ. ಆ ಮಾತು ಬೇರೆ.)

ಇನ್ನೊಂದು ಮಾತು ಹೇಳಿದರೆ ಕೆಲವರಿಗೆ ಸಿಟ್ಟು ಬರಬಹುದು. 70ನೇ ಪ್ರಶಸ್ತಿಯಲ್ಲಿ 'ಕಾಂತಾರ'ಕ್ಕೆ ರಿಷಬ್ ಶೆಟ್ಟಿ ಅತ್ಯುತ್ತಮ ನಟ ಆದರು, ಜೊತೆಗೆ ಒಳ್ಳೇ ಮನರಂಜನೆ ಕೊಟ್ಟ ಜನಪ್ರಿಯ ಚಿತ್ರ ಅನ್ನೋ ಪ್ರಶಸ್ತಿಯೂ ಬಂತು. ಸರಿಯಾಗೇ ಇತ್ತು, ಕೈ ಕೆಂಪಾಗುವ ಹಾಗೆ ಚಪ್ಪಾಳೆ ತಟ್ಟಿದೆ. ಆದರೆ ಅತ್ಯುತ್ತಮ ಕನ್ನಡ ಚಿತ್ರ ಅಂತ 'ಕೆಜಿಎಫ್ ಚಾಪ್ಟರ್ 2'ಕ್ಕೆ ಕೊಟ್ಟಿದ್ದು ನನಗೆ ಇವತ್ತಿಗೂ ಒಪ್ಪಿಗೆ ಆಗಿಲ್ಲ. ಸಿನಿಮಾ ಚೆನ್ನಾಗಿಲ್ಲ ಅಂತಲ್ಲ, ಫಸ್ಟ್ ಡೇ ನೋಡಿದವನು ನಾನು. ಅದರ ಫೈಟಿಗೆ ಪ್ರಶಸ್ತಿ ಬಂದಿದ್ದು ನ್ಯಾಯ. ಆದರೆ ದೇಶವೆಲ್ಲ ನೋಡಿ ಮುಗಿಸಿದ, ಸಾವಿರ ಕೋಟಿ ದಾಟಿದ ಸಿನಿಮಾಗೆ ರಜತ ಕಮಲ ಮತ್ತು 2 ಲಕ್ಷ ಯಾವ ಲೆಕ್ಕ? ಹೆಸರೇ ಕೇಳದ ಒಂದು ಸಣ್ಣ ಸಿನಿಮಾಗೆ ಅದೇ ಪ್ರಶಸ್ತಿ ಒಂದು ವಿಳಾಸ ಕೊಡುತ್ತಿತ್ತು. ಭಾಷೆಗೊಂದು ಪ್ರಶಸ್ತಿ ಇರುವುದೇ ಅದಕ್ಕೆ ಅಂತ ನನ್ನ ನಂಬಿಕೆ.

ಕೆಜಿಎಫ್ ಅಂದಾಗ ಕೋಲಾರದ ಆ ಊರು ನೆನಪಾಗುತ್ತದೆ. ಗಣಿ ಮುಚ್ಚಿದ್ದು 2001ರ ಫೆಬ್ರವರಿಯಲ್ಲಿ. ಚಿನ್ನ ತೆಗೆದು ಬಿಸಾಡಿದ ಮಣ್ಣಿನ ಸೈನೈಡ್ ದಿಬ್ಬಗಳ ಮೇಲೆ ಸೆಟ್ ಹಾಕಿ ಶೂಟಿಂಗ್ ಮಾಡಿದರು. ಗಾಳಿ ಬೀಸಿದರೆ ಆ ದಿಬ್ಬದ ಧೂಳು ಊರಿನ ಮೇಲೆ ಬರುತ್ತದೆ, ಅದು ಸಿನಿಮಾಗೆ ಮೊದಲೂ ಬರುತ್ತಿತ್ತು, ಈಗಲೂ ಬರುತ್ತದೆ. ಊರಿನ ಹೆಸರು ಪ್ರಪಂಚಕ್ಕೆಲ್ಲ ಗೊತ್ತಾಯಿತು. ಊರಿನವರು ಮಾತ್ರ ಇನ್ನೂ ಕತ್ತಲಲ್ಲೇ ಎದ್ದು ಮಾರಿಕುಪ್ಪಂನಿಂದ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ. ಇದಕ್ಕೆ ಸಿನಿಮಾದವರು ಏನೂ ಮಾಡೋಕಾಗಲ್ಲ, ಗೊತ್ತು. ಸುಮ್ಮನೆ ಹೇಳಿದೆ.

ಕನ್ನಡ ಸಿನಿಮಾ ಮತ್ತೆ ಎದ್ದಿದೆ ಅಂತ ಎಲ್ಲರೂ ಹೇಳುತ್ತಿದ್ದಾರೆ. 2024ರ ಮೊದಲ ಆರು ತಿಂಗಳು ಥಿಯೇಟರ್ ಬಾಗಿಲು ತೆಗೆಯೋಕೂ ಯೋಚನೆ ಮಾಡುವ ಸ್ಥಿತಿ ಇತ್ತು. 2025ರ ಜುಲೈನಲ್ಲಿ 'ಸು ಫ್ರಮ್ ಸೋ' ಬಂತು. ದೊಡ್ಡ ಸ್ಟಾರ್ ಇಲ್ಲ, ಅಬ್ಬರದ ಪ್ರಚಾರ ಇಲ್ಲ, ಕರಾವಳಿಯ ಒಂದು ಹಳ್ಳಿಯ ದೆವ್ವದ ಕಥೆ. ಬಿಡುಗಡೆಗೆ ಮೊದಲೇ ಬೆಂಗಳೂರಿನಾಚೆಯ ಊರುಗಳಲ್ಲಿ ಶೋ ಇಟ್ಟರು. ನೋಡಿದವರು ಇನ್ನೊಬ್ಬರಿಗೆ ಹೇಳಿದರು, ಅವರು ಮತ್ತೊಬ್ಬರಿಗೆ. ತುಮಕೂರಿನಲ್ಲಿ ಎರಡನೇ ವಾರ ನಾನು ಟಿಕೆಟ್ ಸಿಗದೆ ವಾಪಸ್ ಬಂದೆ. ಟಿಕೆಟ್ ಸಿಗದೆ ವಾಪಸ್ ಬಂದು ಇಷ್ಟು ಖುಷಿಪಟ್ಟಿದ್ದು ಅದೇ ಮೊದಲು. ಅಕ್ಟೋಬರಿನಲ್ಲಿ 'ಕಾಂತಾರ ಚಾಪ್ಟರ್ 1' ಬಂದಾಗಂತೂ ಕೇಳೋದೇ ಬೇಡ.

ಅಂದರೆ ನಮ್ಮ ಜನ ಬರುತ್ತಾರೆ. ಗೊತ್ತಾಗಬೇಕು, ಹತ್ತಿರ ಇರಬೇಕು, ಸಂಜೆ ಹೊತ್ತು ಇರಬೇಕು, ರೇಟು ಜೇಬಿಗೆ ಹೊಂದಬೇಕು. ಅಷ್ಟೇ.

ಅದಕ್ಕೇ ನನ್ನ ಬೇಡಿಕೆ ಇದು. ರಾಷ್ಟ್ರ ಪ್ರಶಸ್ತಿ ಬಂದ ಕನ್ನಡ ಸಿನಿಮಾಗೆ ರಾಜ್ಯ ಸರ್ಕಾರ ಪ್ರತಿ ಜಿಲ್ಲಾ ಕೇಂದ್ರದಲ್ಲಿ ಒಂದು ವಾರ ಒಂದು ಪರದೆ ಕೊಡಿಸಲಿ. ಸಂಜೆಯ ಫಸ್ಟ್ ಶೋ ಆಗಿರಲಿ, ಬೆಳಗ್ಗೆ ಬೇಡ. ಟಿಕೆಟ್ 50 ರೂಪಾಯಿ. ಡಿಜಿಟಲ್ ಕಂಪನಿಯ ದುಡ್ಡು, ಟಾಕೀಸಿನ ಬಾಡಿಗೆ ಸರ್ಕಾರವೇ ಕಟ್ಟಲಿ. ಸಬ್ಸಿಡಿ ಅಂತ ನಿರ್ಮಾಪಕರಿಗೆ ಹೇಗೂ ಕೊಡುತ್ತಾರೆ, ಅದು ಸಿನಿಮಾ ಮಾಡೋಕೆ. ತೋರಿಸೋಕೆ ಒಂದಿಷ್ಟು ತೆಗೆದಿಟ್ಟರೆ ಖಜಾನೆ ಬರಿದಾಗಲ್ಲ. ಟಾಕೀಸಿನವರು ಒಪ್ಪದಿದ್ದರೆ ನಮ್ಮಲ್ಲಿ ಗುಬ್ಬಿ ವೀರಣ್ಣ ಕಲಾಕ್ಷೇತ್ರ ಇದೆ, ಒಂದು ಪ್ರೊಜೆಕ್ಟರ್ ಇಟ್ಟರೆ ಆಯಿತು. ಕೇರಳದಲ್ಲಿ ಸರ್ಕಾರವೇ ಕೈರಳಿ, ಶ್ರೀ ಅಂತ ಥಿಯೇಟರ್ ನಡೆಸುತ್ತದೆ, 2024ರಲ್ಲಿ ಸಿ ಸ್ಪೇಸ್ ಅಂತ ತನ್ನದೇ ಓಟಿಟಿಯನ್ನೂ ತಂದಿತು. ನಮ್ಮ 2025ರ ಬಜೆಟ್ಟಿನಲ್ಲೂ ಕನ್ನಡಕ್ಕೊಂದು ಓಟಿಟಿಯ ಮಾತು ಬಂತು. ಬರಲಿ, ಬೇಡ ಅನ್ನಲ್ಲ. ಆದರೆ ಮೊಬೈಲಿನಲ್ಲಿ ಒಬ್ಬೊಬ್ಬರೇ ನೋಡಿದರೆ ಟಾಕೀಸಿನ ದೀಪ ಉರಿಯಲ್ಲ.

ವೀರಣ್ಣನವರ ಹೆಸರನ್ನು ಕಟ್ಟಡಕ್ಕೆ ಇಟ್ಟಿದ್ದೇವೆ, ಅವರು ಮಾಡಿದ ಕೆಲಸ ಮರೆತಿದ್ದೇವೆ. 'ಕುರುಕ್ಷೇತ್ರ' ನಾಟಕಕ್ಕೆ ನಿಜವಾದ ಆನೆ, ಕುದುರೆಗಳನ್ನೇ ಬಯಲಿಗೆ ಇಳಿಸಿದ ಕಂಪನಿ ಅದು. ಪರದೆ, ಲೈಟು, ಕಲಾವಿದರು, ಅಡುಗೆಯವರು, ಎಲ್ಲರನ್ನೂ ಕಟ್ಟಿಕೊಂಡು ಊರೂರಿಗೆ ಹೋಗಿ ಟೆಂಟ್ ಹಾಕಿತು. ಜನ ಬರಲ್ಲ ಅಂತ ಗುಬ್ಬಿಯಲ್ಲೇ ಕೂತಿದ್ದರೆ ರಾಜ್‌ಕುಮಾರ್ ಎಲ್ಲಿರುತ್ತಿದ್ದರು? ಆನೆ ಸಾಗಿಸಿದವರ ಊರಿಗೆ ಒಂದು ಹಾರ್ಡ್‌ಡಿಸ್ಕ್ ತರೋಕೆ ಆಗಲ್ಲವಾ?

ನಮ್ಮ ಜಿಲ್ಲೆಯ ಎಮ್ಮೆಲ್ಲೆಗಳು ಫ್ರೆಂಡ್ ಲಿಸ್ಟಿನಲ್ಲಿರುವವರು ದಯವಿಟ್ಟು ಇದನ್ನು ಅವರಿಗೆ ಟ್ಯಾಗ್ ಮಾಡಿ. ಸದ್ಯಕ್ಕೆ ಇನ್ನೊಂದು ಕೆಲಸ. ಶೇಷಾದ್ರಿಯವರ ಆ ಎಂಟರಲ್ಲಿ ಯಾವುದನ್ನಾದರೂ ತುಮಕೂರು, ತಿಪಟೂರು, ಶಿರಾ, ಕೋಲಾರ, ಚಿಂತಾಮಣಿ, ಎಲ್ಲೇ ಆಗಲಿ ಥಿಯೇಟರಿನಲ್ಲಿ ನೋಡಿದವರಿದ್ದರೆ ಯಾವ ಟಾಕೀಸು, ಎಷ್ಟು ದಿನ ಓಡಿತು, ಎಷ್ಟು ಜನ ಇದ್ದರು ಅಂತ ಕೆಳಗೆ ಬರೆಯಿರಿ. ಪಟ್ಟಿ ಮಾಡಿ ಚಲನಚಿತ್ರ ಅಕಾಡೆಮಿಗೆ ಕಳಿಸುತ್ತೇನೆ. ಯಾರೂ ನೋಡಿಲ್ಲ ಅಂತಾದರೆ ಖಾಲಿ ಪಟ್ಟಿಯನ್ನೇ ಕಳಿಸುತ್ತೇನೆ.