ಬಿಟ್ಟಿ ಊಟದ ಲೆಕ್ಕ

ಹೋದ ತಿಂಗಳು ಅಮ್ಮನಿಗೆ ಹೊಸ ಮೊಬೈಲ್ ತಂದುಕೊಟ್ಟೆ. ಹನ್ನೊಂದು ಸಾವಿರದ ಸಾಧಾರಣ ಫೋನು. ಸಿಮ್ ಹಾಕಿ, ವಾಟ್ಸ್‌ಆ್ಯಪ್ ಇಳಿಸಿ, ಮೊಮ್ಮಕ್ಕಳ ಫೋಟೊ ಪರದೆಯ ಮೇಲೆ ಬರುವಂತೆ ಮಾಡಿ ಕೈಗಿತ್ತೆ. ಅಂಗಡಿಯವನೂ ನಾನೂ ಆಡಿದ ಮಾತನ್ನು ಅವಳು ಕೇಳಿಸಿಕೊಂಡಿದ್ದಳು.

"ಆಂಡ್ರಾಯ್ಡ್ ಎನ್ನುತ್ತಿದ್ದಿರಲ್ಲ, ಅದಕ್ಕೆ ಬೇರೆ ದುಡ್ಡು ಕೊಡಬೇಕೇನೋ?"

"ಇಲ್ಲಮ್ಮ, ಅದು ಫೋನು ನಡೆಸುವ ಗೂಗಲ್ ಕಂಪನಿಯ ತಂತ್ರಾಂಶ, ಬಿಟ್ಟಿ."

"ಬಿಟ್ಟಿ ಕೊಡುವುದಕ್ಕೆ ಅವರೇನು ನಮ್ಮ ಸೋದರಮಾವಂದಿರೇ?"

ಉತ್ತರ ಹತ್ತು ನಿಮಿಷದಲ್ಲಿ ತಾನಾಗಿ ಸಿಕ್ಕಿತು. ಪರದೆಯ ಮೇಲಿನ ಗೂಗಲ್ ಹುಡುಕುವ ಪಟ್ಟಿಯಲ್ಲಿ ಮೈಕ್ ಗುರುತು ಒತ್ತಿ, "ಮಂಡಿ ನೋವಿಗೆ ಎಣ್ಣೆ" ಎಂದು ಕೇಳಲು ಕಲಿಸಿದೆ. ಮೊದಲು ಬಂದ ಮೂರೂ ಎಣ್ಣೆ ಬಾಟಲಿಗಳ ಜಾಹೀರಾತು. ಮೂಲೆಯಲ್ಲಿ 'ಪ್ರಾಯೋಜಿತ' ಎಂಬ ಸಣ್ಣಕ್ಷರ. ಅಮ್ಮನ ಕನ್ನಡಕಕ್ಕೆ ಅದು ಕಾಣುವುದಿಲ್ಲ.

ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಊರಿಗೆ ಹೋಗುವವರಿಗೆಲ್ಲ ಈ ವ್ಯಾಪಾರ ಗೊತ್ತು. ಹನ್ನೊಂದು ಗಂಟೆಗೆ ಹೆದ್ದಾರಿ ಪಕ್ಕದ ಯಾವುದೋ ಹೋಟೆಲ್ ಮುಂದೆ ಬಸ್ಸು ನಿಲ್ಲುತ್ತದೆ. ಚಾಲಕ, ನಿರ್ವಾಹಕರಿಗೆ ಒಳಗೆ ಬೇರೆ ಮೇಜು, ಬಿಟ್ಟಿ ಊಟ. ನಲವತ್ತು ಪ್ರಯಾಣಿಕರು ಆರಿದ ದೋಸೆಗೆ ಎರಡರಷ್ಟು ಬೆಲೆ ತೆರುತ್ತಾರೆ. ಆ ಎರಡು ಊಟದ ಖರ್ಚನ್ನಷ್ಟೇ ಬರೆದುಕೊಂಡು 'ನಷ್ಟ' ಎನ್ನುವ ಹೋಟೆಲ್ ಮಾಲೀಕನನ್ನು ನಾನು ಕಂಡಿಲ್ಲ. ಫೋನಿನ ಲೋಕದಲ್ಲಿ ಆ ಹೋಟೆಲ್ ಗೂಗಲ್, ಬಿಟ್ಟಿ ಊಟ ಆಂಡ್ರಾಯ್ಡ್, ಅದನ್ನು ಉಣ್ಣುವ ಚಾಲಕರು ಫೋನ್ ತಯಾರಕರು, ಪ್ರಯಾಣಿಕರು ನಾವು. ಆಂಡ್ರಾಯ್ಡ್‌ನಿಂದ ಗೂಗಲ್‌ಗೆ ಏನು ಲಾಭ ಎಂದು ಕೇಳುವವರು ಮಾತ್ರ ಹಾಗೆಯೇ ಲೆಕ್ಕ ಹಾಕುತ್ತಾರೆ.

ಗೂಗಲ್ ಆಂಡ್ರಾಯ್ಡ್ ಕಂಪನಿಯನ್ನು ಕೊಂಡದ್ದು 2005ರಲ್ಲಿ. ಕೊಟ್ಟದ್ದು ಕನಿಷ್ಠ 5 ಕೋಟಿ ಡಾಲರ್ ಎಂಬ ಮಾತಿದೆ. ಆಗ ಐಫೋನ್ ಇನ್ನೂ ಹುಟ್ಟಿರಲಿಲ್ಲ. ಗೂಗಲ್‌ಗೆ ಇದ್ದ ಭಯ ಮೈಕ್ರೋಸಾಫ್ಟ್‌ನದು. ಕಂಪ್ಯೂಟರ್ ಹಾಗೆ ಮೊಬೈಲನ್ನೂ ಅದೇ ಆಳಿದರೆ ಹುಡುಕಾಟದ ಬಾಗಿಲಲ್ಲಿ ಸುಂಕ ಕಟ್ಟಿ ನಿಲ್ಲಬೇಕಾಗುತ್ತದಲ್ಲ. (ತಮಾಷೆ ನೋಡಿ, ಮೈಕ್ರೋಸಾಫ್ಟ್ ಸೋತ ಮೇಲೂ ಸುಂಕ ಬಿಡಲಿಲ್ಲ. ಆಂಡ್ರಾಯ್ಡ್ ಫೋನುಗಳಲ್ಲಿ ತನ್ನ ಪೇಟೆಂಟ್ ಬಳಕೆಯಾಗಿದೆ ಎಂಬ ಹೆಸರಿನಲ್ಲಿ 2013ರ ಒಂದೇ ಸಾಲಿಗೆ ಸ್ಯಾಮ್ಸಂಗ್‌ನಿಂದ 100 ಕೋಟಿ ಡಾಲರ್‌ಗೂ ಹೆಚ್ಚು ವಸೂಲು ಮಾಡಿತು.)

ಆಂಡ್ರಾಯ್ಡ್‌ನ ಲಾಭವೆಷ್ಟು ಎಂದು ಗೂಗಲ್ ತಾನಾಗಿ ಬಾಯಿ ಬಿಟ್ಟು ಹೇಳುವುದಿಲ್ಲ. ನಮಗೆ ತಿಳಿದಿರುವುದೆಲ್ಲ ಕೋರ್ಟಿನ ಕಟಕಟೆಯಿಂದ ಸೋರಿದ್ದು. ಸಾಫ್ಟ್‌ವೇರ್ ಕಂಪನಿ ಒರೇಕಲ್ ಗೂಗಲ್ ಮೇಲೆ ಹೂಡಿದ್ದ ಮೊಕದ್ದಮೆಯಲ್ಲಿ, 2010ರ ನಾಲ್ಕೂ ತ್ರೈಮಾಸಿಕಗಳಲ್ಲಿ ಆಂಡ್ರಾಯ್ಡ್ ನಷ್ಟದಲ್ಲಿತ್ತು ಎಂಬ ಸಂಗತಿ 2012ರಲ್ಲಿ ಹೊರಬಿತ್ತು. ಪಾಪ, ಎಂದುಕೊಳ್ಳುವಷ್ಟರಲ್ಲಿ 2016ರ ಜನವರಿ ಬಂತು. ಅದೇ ಮೊಕದ್ದಮೆಯಲ್ಲಿ ಒರೇಕಲ್ ವಕೀಲೆ ತೆರೆದ ನ್ಯಾಯಾಲಯದಲ್ಲೇ ಹೇಳಿಬಿಟ್ಟರು: ಆಂಡ್ರಾಯ್ಡ್‌ನ ಈವರೆಗಿನ ವರಮಾನ 3,100 ಕೋಟಿ ಡಾಲರ್, ಲಾಭ 2,200 ಕೋಟಿ ಡಾಲರ್. ನೂರಕ್ಕೆ ಎಪ್ಪತ್ತು ಲಾಭ! ಎದುರಾಳಿಯ ವಕೀಲರು ಆಡಿದ ಅಂಕಿ, ಉಪ್ಪು ಬೆರೆಸಿಯೇ ನುಂಗಬೇಕು. ಆದರೆ ಗೂಗಲ್ ಅದನ್ನು ಸುಳ್ಳೆಂದು ನಕ್ಕು ಬಿಡಲಿಲ್ಲ. ಈ ಮಾಹಿತಿ ಅತಿ ಸೂಕ್ಷ್ಮವಾದದ್ದು, ಕಡತದಿಂದ ಮುಚ್ಚಿಡಿ ಎಂದು ನ್ಯಾಯಾಲಯದ ಮೊರೆ ಹೋಯಿತು.

ನನ್ನ ಕೇಳಿದರೆ ಆ 2,200 ಕೋಟಿಯೂ ಸರಿಯಾದ ಅಳತೆಯಲ್ಲ. ಆಂಡ್ರಾಯ್ಡ್ ಇಲ್ಲದ ಕಡೆ ಗೂಗಲ್ ಏನು ತೆರುತ್ತದೆ ಎಂಬುದನ್ನು ನೋಡಬೇಕು. ಐಫೋನ್‌ನ ಸಫಾರಿ ಬ್ರೌಸರಿನಲ್ಲಿ ತಾನೇ ಮೊದಲ ಹುಡುಕುತಾಣವಾಗಿರಲು 2022ರ ಒಂದೇ ವರ್ಷ ಆಪಲ್‌ಗೆ 2,000 ಕೋಟಿ ಡಾಲರ್ ಕೊಟ್ಟಿದೆ. ಅಲ್ಲಿನ ಹುಡುಕಾಟದ ಜಾಹೀರಾತಿನಲ್ಲಿ ಬಂದ ಪ್ರತಿ ನೂರು ಡಾಲರ್‌ಗೆ 36 ಡಾಲರ್ ಆಪಲ್‌ಗೆ ಸಲ್ಲುತ್ತಿತ್ತು. ಇದೂ ಅಮೆರಿಕ ಸರ್ಕಾರ ಹೂಡಿದ ಏಕಸ್ವಾಮ್ಯದ ಮೊಕದ್ದಮೆಯಲ್ಲೇ ಹೊರಬಂದದ್ದು. ಅಂದರೆ ಬಸ್ಸು ಬೇರೆಯವರದಾದರೆ ಪ್ರತಿ ತಟ್ಟೆಗೂ ಕಪ್ಪ. 2021ರ ಹೊತ್ತಿಗೇ ಜಗತ್ತಿನಲ್ಲಿ 300 ಕೋಟಿ ಆಂಡ್ರಾಯ್ಡ್ ಸಾಧನಗಳಿದ್ದವು. ಅವುಗಳಲ್ಲೆಲ್ಲ ಹಾಗೆ ಕಪ್ಪ ಕಟ್ಟಬೇಕಾಗಿ ಬಂದಿದ್ದರೆ? ಕಟ್ಟದೆ ಉಳಿದ ಆ ಹಣವೇ ಆಂಡ್ರಾಯ್ಡ್‌ನ ನಿಜವಾದ ಲಾಭ. ಅದನ್ನು ಬರೆಯಲು ಯಾವ ಲೆಕ್ಕಪುಸ್ತಕದಲ್ಲೂ ಕಾಲಂ ಇಲ್ಲ.

ಹಾಗೆಂದು ತನ್ನದೇ ಬಸ್ಸಿನಲ್ಲಿ ಖರ್ಚೇ ಇಲ್ಲವೆಂದಲ್ಲ. ಸ್ಯಾಮ್ಸಂಗ್‌ನಂತಹ ದೊಡ್ಡ ಚಾಲಕರಿಗೆ ಊಟದ ಜೊತೆ ಕೈಗೂ ಏನಾದರೂ ಇಡಬೇಕು. ನಾಲ್ಕು ವರ್ಷಕ್ಕೆ 800 ಕೋಟಿ ಡಾಲರ್ ಎಂದು ಇನ್ನೊಂದು ಮೊಕದ್ದಮೆ ಹೇಳಿತು.

ಇನ್ನು ಬಿಟ್ಟಿ ಎಂಬುದರ ಒಳಗುಟ್ಟು. ಆಂಡ್ರಾಯ್ಡ್‌ನ ಮೂಲ ಸಂಕೇತವನ್ನು (ಸೋರ್ಸ್ ಕೋಡ್) ಯಾರು ಬೇಕಾದರೂ ತೆಗೆದುಕೊಳ್ಳಬಹುದು, ನಿಜ. ಪ್ಲೇ ಸ್ಟೋರ್ ಬೇಕೆಂದರೆ ಮಾತ್ರ ಒಪ್ಪಂದ, ಅದರ ಜೊತೆ ಹುಡುಕುವ ಪಟ್ಟಿ, ಕ್ರೋಮ್, ಯೂಟ್ಯೂಬ್ ಎಲ್ಲವೂ ಕಟ್ಟಿನಲ್ಲಿ ಬರುತ್ತಿದ್ದವು. ಈ ಕಟ್ಟು ಬಿಚ್ಚಿದರೆ ಏನಾಗುತ್ತದೆ ಎಂಬುದನ್ನು ಯುರೋಪ್ ತೋರಿಸಿತು. 2018ರ ಜುಲೈನಲ್ಲಿ ಯುರೋಪಿಯನ್ ಕಮಿಷನ್ 434 ಕೋಟಿ ಯೂರೊ ದಂಡ ಹಾಕಿ, ಕಟ್ಟು ಬಿಚ್ಚಿ ಎಂದಿತು. ಮೂರೇ ತಿಂಗಳಿಗೆ ಗೂಗಲ್ ಅಲ್ಲಿ ಪರವಾನಗಿ ಶುಲ್ಕ ಘೋಷಿಸಿತು. ಫೋನಿಗೆ 40 ಡಾಲರ್‌ವರೆಗೂ ಹೋಗಬಹುದು ಎಂದು ವರದಿಯಾಯಿತು. ಕ್ರೋಮ್ ಮತ್ತು ಹುಡುಕಾಟವನ್ನು ಹಾಕಿಕೊಳ್ಳುವ ತಯಾರಕರಿಗೆ ಆ ಹೊರೆ ಇಳಿಸುವ ಬೇರೆ ಒಪ್ಪಂದವೂ ಇದೆಯೆಂದು ಅದೇ ವರದಿ ಹೇಳಿತ್ತು. ಹತ್ತು ವರ್ಷ ಬೆಲೆಯೇ ಇಲ್ಲವೆಂದಿದ್ದ ಸರಕಿಗೆ ಒಂದು ಆದೇಶದಿಂದ ಬೆಲೆಚೀಟಿ ಬಿತ್ತು.

ನಮ್ಮಲ್ಲೂ 2022ರ ಅಕ್ಟೋಬರ್‌ನಲ್ಲಿ, ವ್ಯಾಪಾರದಲ್ಲಿ ನ್ಯಾಯವಾದ ಪೈಪೋಟಿ ಕಾಯುವ ಸ್ಪರ್ಧಾ ಆಯೋಗ ಆಂಡ್ರಾಯ್ಡ್ ವಿಷಯದಲ್ಲಿ 1,337.76 ಕೋಟಿ ರೂಪಾಯಿ ದಂಡ ವಿಧಿಸಿತು. ಪತ್ರಿಕೆಗಳ ಮುಖಪುಟಕ್ಕೆ ದೊಡ್ಡ ಮೊತ್ತವೇ. ಮೇಲಿನ ಅಂಕಿಗಳ ಪಕ್ಕದಲ್ಲಿಟ್ಟರೆ ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಮರುವರ್ಷದ ಜನವರಿಯಲ್ಲಿ, ಭಾರತದ ಗ್ರಾಹಕರು ಹುಡುಕುತಾಣವನ್ನು ತಾವೇ ಆರಿಸಿಕೊಳ್ಳಬಹುದು ಎಂದು ಗೂಗಲ್ ಪ್ರಕಟಿಸಿತು. ಆರಿಸಿಕೊಂಡವರು ಯಾರಾದರೂ ನಿಮ್ಮ ಮನೆಯಲ್ಲಿದ್ದಾರೆಯೇ?

ನಾನು ಇದರಲ್ಲಿ ಗೂಗಲ್ ಮೋಸ ಮಾಡಿತೆಂದು ಎದೆ ಬಡಿದುಕೊಳ್ಳುವವನಲ್ಲ. ಹನ್ನೊಂದು ಸಾವಿರಕ್ಕೆ ಅಮ್ಮನ ಕೈಗೆ ಇಂತಹ ಫೋನು ಬಂದಿರುವುದು, ಅವಳ ಕನ್ನಡ ಅದಕ್ಕೆ ಅರ್ಥವಾಗುವುದು ಈ ಬಿಟ್ಟಿ ಊಟದ ದೆಸೆಯಿಂದಲೇ. ಅದನ್ನು ದಾನ ಎಂದು ಕರೆಯುವವರ ಜೊತೆ ಮಾತ್ರ ನನ್ನ ಜಗಳ.

ಅಂದಹಾಗೆ, ಮೂರರಲ್ಲಿ ಮೊದಲಿನ ಎಣ್ಣೆಯನ್ನೇ ಅಮ್ಮ ತಂಗಿಯ ಕೈಯಲ್ಲಿ ತರಿಸಿದಳು. ಶನಿವಾರ ಬಂತು, 349 ರೂಪಾಯಿ. ಮಂಡಿ ನೋವು ಹಾಗೆಯೇ ಇದೆ.